ಒಳಗಿನಿಂದ ಹಾಕಿಕೊಳ್ಳುವ ಚಿಲಕ

ತಮಿಳುನಾಡಿನ ಕಂಬಂ ಕಣಿವೆಯಿಂದ ಕೇರಳದ ಇಡುಕ್ಕಿಗೆ ಹತ್ತಲು ಮುಖ್ಯವಾಗಿ ಮೂರು ಘಾಟಿಗಳಿವೆ: ಕುಮಿಳಿ, ಕಂಬಂ ಮೆಟ್ಟು, ಬೋಡಿ ಮೆಟ್ಟು. ಏಲಕ್ಕಿ ಕೊಯ್ಲಿನ ಕಾಲದಲ್ಲಿ ಬೆಳಕು ಹರಿಯುವ ಮುಂಚೆಯೇ ಈ ದಾರಿಗಳಲ್ಲಿ ಜೀಪುಗಳು ಏದುತ್ತಾ ಏರುತ್ತವೆ. ಒಂದೊಂದರಲ್ಲೂ ಹತ್ತು ಹದಿನೈದು ಮಂದಿ, ಹೆಚ್ಚಿನವರು ಹೆಂಗಸರು, ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿರುತ್ತಾರೆ. ಮಡಿಲಲ್ಲಿ ಬುತ್ತಿ. ಘಟ್ಟದ ಚಳಿಗೆ ತಾರ್ಪಾಲು ಇಳಿಬಿಟ್ಟಿರುತ್ತದೆ. ಸಂಜೆ ಅದೇ ಜೀಪು, ಅದೇ ಜನ, ಕೆಳಗಿನ ಊರುಗಳಿಗೆ ವಾಪಸು.

ಉಸಿರಿನಿಂದ ಹರಡುವ ವೈರಸ್ಸಿಗೆ ಇದಕ್ಕಿಂತ ಒಳ್ಳೆಯ ಸವಾರಿ ಸಿಗದು. ಅದಕ್ಕೆ ಕಾಲಿಲ್ಲ, ರೆಕ್ಕೆಯಿಲ್ಲ. ಜೀವಕೋಶದ ಹೊರಗೆ ಅದು ಬೆಳೆಯುವುದೂ ಇಲ್ಲ. ಒಬ್ಬರ ಗಂಟಲಿನಿಂದ ಹೊರಟು ಇನ್ನೊಬ್ಬರ ಮೂಗು ಸೇರಲು ಇರುವ ಸಮಯ ಕೆಲವು ನಿಮಿಷ, ಹೆಚ್ಚೆಂದರೆ ಕೆಲವು ಗಂಟೆ. ಅಷ್ಟರೊಳಗೆ ಹೊಸ ಮೂಗು ಸಿಗದಿದ್ದರೆ ಆ ಸಾಲು ಅಲ್ಲಿಗೆ ಮುಗಿಯಿತು. ಸಾಂಕ್ರಾಮಿಕ ಬಂದಾಗ ‘ಮನೆಯಲ್ಲೇ ಇರಿ’ ಎಂದು ಹೇಳುವುದರ ಹಿಂದಿರುವ ವಿಜ್ಞಾನ ಮೂಲತಃ ಇಷ್ಟೇ: ಹೊಸ ಮೂಗು ಸಿಗದಂತೆ ಮಾಡುವುದು.

ಹೇಳುವುದು ಸುಲಭ. 2020ರ ಮಾರ್ಚ್ 24ರ ನಡುರಾತ್ರಿ ದೇಶಕ್ಕೆ ದೇಶವೇ ಮುಚ್ಚಿಕೊಂಡಿತು. ಘಾಟಿಗಳಲ್ಲಿ ಜೀಪು ನಿಂತವು, ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳ ಮನೆಬಾಗಿಲುಗಳ ಮೇಲೆ ಆರೋಗ್ಯ ಇಲಾಖೆಯ ಸ್ಟಿಕ್ಕರ್ ಬಿತ್ತು. ಹೊರನಾಡಿನಿಂದ ಬಂದವರು 28 ದಿನ ಹೊಸ್ತಿಲು ದಾಟಬಾರದೆಂದು ತಮಿಳುನಾಡು ಸರ್ಕಾರ ಕಟ್ಟುಮಾಡಿತು. ದಿಂಡಿಗಲ್ ಹೇಳಿಕೇಳಿ ಬೀಗಕ್ಕೆ ಹೆಸರಾದ ಊರು. ಕಬ್ಬಿಣ, ಹಿತ್ತಾಳೆಯಲ್ಲಿ ಕೈಯಿಂದ ಮಾಡುವ ಅಲ್ಲಿನ ಬೀಗಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಮರುವರ್ಷ ಆಡಳಿತ ಯೋಚಿಸಿದ್ದೂ ಬೀಗದ ಲೆಕ್ಕದಲ್ಲೇ, ಅಂದರೆ ಹೊರಗಿನಿಂದ ಹಾಕುವುದು ಮತ್ತು ಕೀಲಿಕೈ ತನ್ನ ಹತ್ತಿರ ಇಟ್ಟುಕೊಳ್ಳುವುದು. ಆದರೆ ಸೋಂಕಿತರು ಮನೆಯಲ್ಲಿ ಬೇರೆಯಾಗಿ ಇರುವುದು ನಿಜವಾಗಿ ಕೆಲಸ ಮಾಡುವುದು ಒಳಗಿನಿಂದ ಹಾಕಿಕೊಳ್ಳುವ ಚಿಲಕವಾದಾಗ. ಆ ಚಿಲಕ ಎಷ್ಟು ದಿನ ಇರಬೇಕು, ಯಾವ ಕಾಯಿಲೆಗೆ ಇರಬೇಕು, ಒಳಗಿರುವವರಿಗೆ ಹೊರಗಿನಿಂದ ಏನೇನು ಸಿಗಬೇಕು ಎಂಬುದನ್ನು ನೋಡೋಣ.

ಕಾಯುವವರು, ಕಾಯಿಲೆಯವರು

ಮನೆಯಲ್ಲಿ ಉಳಿಯುವವರಲ್ಲಿ ಎರಡು ಗುಂಪು. ಮೊದಲನೆಯವರು ಸೋಂಕಿತರ ಹತ್ತಿರ ಇದ್ದವರು. ತಮಗೆ ತಗುಲಿದೆಯೋ ಇಲ್ಲವೋ ಇವರಿಗೇ ಗೊತ್ತಿಲ್ಲ. ಇವರದು ಕ್ವಾರಂಟೈನ್. ಇನ್ನೊಂದು ಗುಂಪು ಸೋಂಕು ಖಚಿತವಾದವರದು, ಇಲ್ಲವೇ ಲಕ್ಷಣ ಕಾಣಿಸಿಕೊಂಡವರದು. ಇವರದು ಐಸೊಲೇಷನ್. ಮಾತಿನಲ್ಲಿ ಎರಡೂ ಕಲಸಿಹೋದರೂ ಎರಡರ ಗಡಿಯಾರ ಬೇರೆ.

ಕ್ವಾರಂಟೈನ್ ಗಡಿಯಾರ ಶುರುವಾಗುವುದು ಸೋಂಕಿತರನ್ನು ಕೊನೆಯ ಸಲ ಭೇಟಿಯಾದ ಗಳಿಗೆಯಿಂದ. ಅದರ ಉದ್ದ ನಿರ್ಧಾರವಾಗುವುದು ವೈರಸ್ ಮೈ ಹೊಕ್ಕಾಗಿನಿಂದ ಲಕ್ಷಣ ತೋರುವವರೆಗಿನ ಅವಧಿಯಿಂದ. ಕೋವಿಡ್ ಮೊದಲು ಬಂದಾಗ ಈ ಅವಧಿ ಸಾಮಾನ್ಯವಾಗಿ 5 ದಿನದ ಆಸುಪಾಸಿನಲ್ಲಿತ್ತು. ಲಕ್ಷಣ ತೋರುವವರಲ್ಲಿ ಬಹುತೇಕ ಎಲ್ಲರಿಗೂ 12 ದಿನದೊಳಗೆ ತೋರುತ್ತಿತ್ತು. 14 ದಿನದ ನಿಯಮ ಹುಟ್ಟಿದ್ದು ಹೀಗೆ. ತಮಿಳುನಾಡಿನ 28 ದಿನ ಅದರ ಇಮ್ಮಡಿ. ಐಸೊಲೇಷನ್ನಿನ ಗಡಿಯಾರ ಶುರುವಾಗುವುದು ಲಕ್ಷಣ ಕಂಡ ದಿನದಿಂದ. ಅದರ ಉದ್ದ ತೀರ್ಮಾನವಾಗುವುದು ಮೈಯಿಂದ ಜೀವಂತ ವೈರಸ್ ಎಷ್ಟು ದಿನ ಹೊರಬೀಳುತ್ತದೆ ಎನ್ನುವುದರ ಮೇಲೆ.

ಎರಡೂ ಒಟ್ಟಿಗೆ ಏಕೆ ಬೇಕು? ಕಾಯಿಲೆಯಾದವರನ್ನು ಬೇರೆ ಇಟ್ಟರೆ ಸಾಲದೇ? ಇದಕ್ಕೆ ಉತ್ತರ ಒಂದು ಸಣ್ಣ ಗುಣಾಕಾರದಲ್ಲಿದೆ.

ಲಕ್ಷಣಕ್ಕಿಂತ ಮುಂಚೆ

2003ರಲ್ಲಿ ಸಾರ್ಸ್ ಬಂದಿತ್ತು, ಕೋವಿಡ್ ವೈರಸ್ಸಿನ ಹತ್ತಿರದ ನೆಂಟ. ಆಗಿನ್ನೂ ಲಸಿಕೆ ಇರಲಿಲ್ಲ, ಔಷಧಿಯೂ ಇರಲಿಲ್ಲ. ಆದರೂ 8,096 ಪ್ರಕರಣ, 774 ಸಾವಿಗೆ ಅದು ನಿಂತಿತು. ಹರಡುವಿಕೆ ನಿಂತಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅದೇ ವರ್ಷ ಜುಲೈ 5ರಂದು ಸಾರಿತು. ಅದೇ ಬಗೆಯ ಕ್ರಮಗಳಿಗೆ ಕೋವಿಡ್ ಜಗ್ಗಲಿಲ್ಲ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ ಎಂಬುದನ್ನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿದ್ದ ಕ್ರಿಸ್ಟೋಫ್ ಫ್ರೇಸರ್ ಮತ್ತು ಸಂಗಡಿಗರು 2004ರಲ್ಲೇ ತೋರಿಸಿಕೊಟ್ಟಿದ್ದರು. ಯಾವುದೇ ಸಾಂಕ್ರಾಮಿಕವನ್ನು ಬೇರ್ಪಡಿಸುವಿಕೆಯಿಂದ ಹಿಡಿಯಬಹುದೇ ಎಂದು ತಿಳಿಯಲು ಎರಡು ಸಂಖ್ಯೆ ಮುಖ್ಯ. ಒಂದು, ಒಬ್ಬರಿಂದ ಸರಾಸರಿ ಎಷ್ಟು ಮಂದಿಗೆ ದಾಟುತ್ತದೆ. ಎರಡು, ಆ ದಾಟುವಿಕೆಯಲ್ಲಿ ಎಷ್ಟು ಪಾಲು ಲಕ್ಷಣ ಕಾಣುವ ಮುಂಚೆಯೇ ಮುಗಿದಿರುತ್ತದೆ. ಸಾರ್ಸ್ ಬಂದವರು ಹೆಚ್ಚು ವೈರಸ್ ಸೂಸುತ್ತಿದ್ದುದು ಕಾಯಿಲೆಯ ಎರಡನೆಯ ವಾರದಲ್ಲಿ. ಅಷ್ಟು ಹೊತ್ತಿಗೆ ಅವರು ಹಾಸಿಗೆ ಹಿಡಿದು ಆಸ್ಪತ್ರೆಯಲ್ಲಿರುತ್ತಿದ್ದರು. ಕೋವಿಡ್ ಹಾಗಲ್ಲ. 2020ರ ಏಪ್ರಿಲ್‌ನಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಯಾರಿಂದ ಯಾರಿಗೆ ದಾಟಿತು ಎಂಬುದು ಸ್ಪಷ್ಟವಿದ್ದ 77 ಜೋಡಿಗಳನ್ನು ಪರಿಶೀಲಿಸಿ, ದಾಟುವಿಕೆಯ ಸುಮಾರು ಶೇ. 44 ಪಾಲು ಲಕ್ಷಣಕ್ಕೆ ಮುಂಚೆಯೇ ಆಗಿರುತ್ತದೆ ಎಂದು ಅಂದಾಜಿಸಿತು.

ಈಗ ಗುಣಾಕಾರ. ಒಬ್ಬರಿಂದ ಸರಾಸರಿ 2.5 ಮಂದಿಗೆ ದಾಟುತ್ತದೆ ಎನ್ನಿ. ಏನೂ ಮಾಡದೆ ಬಿಟ್ಟರೆ ಐದನೆಯ ಸುತ್ತಿನಲ್ಲಿ ಒಬ್ಬರಿಂದ ಸುಮಾರು 98 ಹೊಸ ಸೋಂಕಿತರು. ಸುತ್ತಿಗೆ ಐದು ದಿನವೆಂದರೆ ಇದಿಷ್ಟಕ್ಕೆ 25 ದಿನ ಸಾಕು. ಇನ್ನು ಊರಿನವರೆಲ್ಲ ಅತಿ ಶಿಸ್ತಿನವರು, ಲಕ್ಷಣ ಕಂಡ ಗಳಿಗೆಯಲ್ಲೇ ಕೋಣೆ ಸೇರಿ ಒಬ್ಬರಿಗೂ ದಾಟಿಸುವುದಿಲ್ಲ ಎಂದುಕೊಳ್ಳೋಣ. ಆಗಲೂ ಲಕ್ಷಣಕ್ಕೆ ಮುಂಚಿನ ಶೇ. 44 ಉಳಿಯಿತು. 2.5ರ ಶೇ. 44 ಎಂದರೆ 1.1. ಇದು ಒಂದಕ್ಕಿಂತ ಮೇಲಿದೆ, ಹಾಗಾಗಿ ಸಾಂಕ್ರಾಮಿಕ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಇದಕ್ಕೆ ಕ್ವಾರಂಟೈನನ್ನೂ ಸೇರಿಸಿ. ಸೋಂಕಿತರ ಒಡನಾಡಿಗಳು ಮೊದಲೇ ಮನೆಯಲ್ಲಿದ್ದು, ಉಳಿದ ದಾಟುವಿಕೆಯಲ್ಲಿ ಮೂರನೆಯ ಒಂದು ಪಾಲು ತಪ್ಪಿತು ಅಂದುಕೊಂಡರೂ 1.1 ಇದ್ದದ್ದು 0.73ಕ್ಕೆ ಇಳಿಯುತ್ತದೆ. ಐದು ಸುತ್ತಿನ ಹೊತ್ತಿಗೆ ಐದು ಸಾಲುಗಳಲ್ಲಿ ನಾಲ್ಕು ಒಣಗಿಹೋಗಿರುತ್ತವೆ.

ಮೈಯಲ್ಲಿ ಏನೂ ಇಲ್ಲದವರನ್ನು ಮನೆಯಲ್ಲಿ ಕೂರಿಸುವುದು ಅನ್ಯಾಯವೆಂದೇ ಜನರಿಗೆ ಅನ್ನಿಸುವುದು. ‘ನನಗೆ ಜ್ವರವೂ ಇಲ್ಲ, ಕೆಮ್ಮೂ ಇಲ್ಲ, ಕೆಲಸಕ್ಕೆ ಯಾಕೆ ಹೋಗಬಾರದು?’ ಎಂಬ ಪ್ರಶ್ನೆ ಸಹಜ. 1.1 ಮತ್ತು 0.73ರ ನಡುವಿನ ಅಂತರವೇ ಅದಕ್ಕೆ ಉತ್ತರ.

ಸರಾಸರಿ ಎಂಬುದು ಇನ್ನೊಂದು ಸಂಗತಿಯನ್ನು ಮುಚ್ಚಿಡುತ್ತದೆ. ತಮಿಳುನಾಡು ಮತ್ತು ಆಂಧ್ರಪ್ರದೇಶದ ಆರೋಗ್ಯ ಸಿಬ್ಬಂದಿ 2020ರಲ್ಲಿ ಮನೆಮನೆ ತಿರುಗಿ ಕಲೆಹಾಕಿದ ಮಾಹಿತಿಯನ್ನು ರಮಣನ್ ಲಕ್ಷ್ಮೀನಾರಾಯಣ್ ಮತ್ತು ಸಂಗಡಿಗರು ವಿಶ್ಲೇಷಿಸಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. 5.75 ಲಕ್ಷ ಒಡನಾಡಿಗಳ ಲೆಕ್ಕ ಅದು. ಅದರ ಪ್ರಕಾರ ಸೋಂಕಿತರಲ್ಲಿ ಶೇ. 71ರಷ್ಟು ಮಂದಿಯ ಒಡನಾಡಿಗಳಲ್ಲಿ ಒಬ್ಬರಿಗೂ ಸೋಂಕು ಸಿಗಲಿಲ್ಲ. ಹರಡಿದ್ದು ಉಳಿದ ಕೆಲವರು, ಅದೂ ಸಂದರ್ಭ ಒದಗಿದಾಗ. ಒಂದೇ ವಾಹನದಲ್ಲಿ ಸೋಂಕಿತರ ಹತ್ತಿರ ಕೂತು ಆರು ಗಂಟೆಗೂ ಮೀರಿ ಪ್ರಯಾಣ ಮಾಡಿದವರು 78 ಮಂದಿ ಸಿಕ್ಕಿದ್ದರು, ಅವರಲ್ಲಿ ಶೇ. 79ರಷ್ಟು ಮಂದಿಗೆ ಸೋಂಕು ತಗುಲಿತ್ತು. ಯಾರು ಆ ‘ಕೆಲವರು’ ಆಗುತ್ತಾರೆಂದು ಮೊದಲೇ ತಿಳಿಯುವ ಉಪಾಯವಿಲ್ಲ. ಆದ್ದರಿಂದಲೇ ನಿಯಮ ಎಲ್ಲರಿಗೂ ಒಂದೇ.

ಬೇವಿನ ಸೊಪ್ಪು ಕಟ್ಟಿದ ಬಾಗಿಲು

ಈ ಕಣಿವೆಗೆ ಮನೆಯೊಳಗೆ ಬೇರೆಯಾಗಿ ಇರುವುದು ಹೊಸದಲ್ಲ. ತೇನಿಯ ಹತ್ತಿರದ ವೀರಪಾಂಡಿಯಲ್ಲಿ ಗೌಮಾರಿಯಮ್ಮನ ಗುಡಿ ಇದೆ, ದಿಂಡಿಗಲ್ಲಿನಲ್ಲಿ ಕೋಟೆ ಮಾರಿಯಮ್ಮ. ಕಂಬಂ, ಬೋಡಿನಾಯಕನೂರು ಸುತ್ತಿನ ಒಕ್ಕಲಿಗ ಗೌಂಡರು ತಲೆಮಾರುಗಳಿಂದ ಮನೆಯೊಳಗೆ ಕನ್ನಡ ಆಡಿಕೊಂಡು ಬಂದವರು. ದಿಂಡಿಗಲ್ ಒಂದು ಕಾಲಕ್ಕೆ ಮೈಸೂರಿನ ಕೈಲಿದ್ದು, 1755ರಲ್ಲಿ ಹೈದರಾಲಿ ಅಲ್ಲಿಗೆ ಫೌಜುದಾರನಾಗಿ ಬಂದಿದ್ದ. ಮಾತು ಯಾವುದಾದರೂ ಆಗಲಿ, ಮನೆಯಲ್ಲಿ ಯಾರಿಗಾದರೂ ಮೈಮೇಲೆ ಗುಳ್ಳೆ ಎದ್ದರೆ ಕನ್ನಡದವರೂ ತಮಿಳರೂ ಹೇಳುವುದು ಒಂದೇ: ಅಮ್ಮ ಬಂದಿದ್ದಾಳೆ.

ಅಮ್ಮ ಬಂದ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟುತ್ತಾರೆ. ಹೊರಗಿನವರು ಒಳಗೆ ಬರುವುದಿಲ್ಲ, ಮನೆಯವರು ಬೇರೆಯವರ ಮದುವೆ ಮುಂಜಿಗೆ ಹೋಗುವುದಿಲ್ಲ. ಗುಳ್ಳೆಯಾದವರನ್ನು ಒಂದು ಮೂಲೆಯಲ್ಲಿ ಬೇವಿನೆಲೆಯ ಮೇಲೆ ಮಲಗಿಸುತ್ತಾರೆ, ಒಬ್ಬರೇ ಉಪಚಾರ ಮಾಡುತ್ತಾರೆ. ಅಡುಗೆಗೆ ಒಗ್ಗರಣೆ ಇಲ್ಲ. ಹಕ್ಕಳೆ ಉದುರಿದ ಮೇಲೆ ಬೇವು, ಅರಿಸಿನದ ನೀರಿನ ಸ್ನಾನ, ಅಲ್ಲಿಗೆ ಮುಗಿಯಿತು.

ವಿಜ್ಞಾನದ ಕಣ್ಣಿನಲ್ಲಿ ಈ ಆಚರಣೆಯನ್ನು ಬಿಡಿಸಿ ನೋಡಿದರೆ ಬಹಳಷ್ಟು ಸಿಗುತ್ತದೆ. ಸಿಡುಬು ದಾಟುತ್ತಿದ್ದುದು ಮುಖ್ಯವಾಗಿ ಗುಳ್ಳೆ ಎದ್ದ ಮೇಲೆ, ಹಕ್ಕಳೆ ಪೂರ್ತಿ ಉದುರುವವರೆಗೆ. ಬೇವು ಕಟ್ಟುವ ದಿನವೂ ಬಿಚ್ಚುವ ದಿನವೂ ಅದಕ್ಕೆ ಹೊಂದುತ್ತವೆ. ಸೀತಾಳೆ ಸಿಡುಬಿನ, ಅಂದರೆ ಚಿಕನ್‌ಪಾಕ್ಸಿನ ವಿಷಯದಲ್ಲಿ ಹೊಂದಾಣಿಕೆ ಅರ್ಧ ಮಾತ್ರ. ಅದು ಗುಳ್ಳೆ ಏಳುವ ಒಂದೆರಡು ದಿನ ಮುಂಚೆಯೇ ದಾಟಲು ಶುರುಮಾಡುತ್ತದೆ, ಹಾಗಾಗಿ ಬೇವು ಕಟ್ಟುವ ಹೊತ್ತಿಗೆ ಒಡಹುಟ್ಟಿದವರಿಗೆ ಆಗಲೇ ತಗುಲಿರುತ್ತದೆ. ಮನೆಯ ಮಕ್ಕಳೆಲ್ಲ ಸಾಲಾಗಿ ಮಲಗುವುದು ಇದರಿಂದಲೇ. ಬೇವಿನೆಲೆ ಗಾಳಿಯಲ್ಲಿರುವ ವೈರಸ್ಸನ್ನು ಸಾಯಿಸಿದ್ದಕ್ಕೆ ಆಧಾರವಿಲ್ಲ. ಅದು ಮಾಡಿದ ದೊಡ್ಡ ಕೆಲಸ ಸುದ್ದಿ ಹೇಳಿದ್ದು. ಒಂದು ಸೊಪ್ಪಿನ ಗೊಂಚಲು ಇಡೀ ಬೀದಿಗೆ ‘ಒಳಗೆ ಬರಬೇಡಿ’ ಎಂದಿತು; ಅದನ್ನು ಕಟ್ಟಿದವರು ಮನೆಯವರೇ, ಅದರಲ್ಲಿ ನಾಚಿಕೆಯ ಮಾತಿರಲಿಲ್ಲ.

ಆದರೆ ಇದನ್ನು ಮೆಚ್ಚಿ ಕೂರುವಂತಿಲ್ಲ. ಸಿಡುಬು ಬಂದ ಹತ್ತು ಮಂದಿಯಲ್ಲಿ ಸುಮಾರು ಮೂವರು ಸಾಯುತ್ತಿದ್ದರು, ಬೇವು ಅದನ್ನು ತಡೆಯಲಿಲ್ಲ. ತಡೆದದ್ದು ಲಸಿಕೆ. 1974–75ರಲ್ಲಿ ಸಿಡುಬಿನ ಬೆನ್ನುಹತ್ತಿದ ಆರೋಗ್ಯ ಕಾರ್ಯಕರ್ತರು ಸೋಂಕಿನ ಮನೆಯ ಬಾಗಿಲಲ್ಲಿ ಹಗಲೂ ರಾತ್ರಿ ಕಾವಲು ಕೂರಿಸಿ, ಒಳಗೆ ಹೋಗಬೇಕೆಂದವರಿಗೆಲ್ಲ ಚುಚ್ಚಿ, ಸುತ್ತಲ ಮನೆಗಳಿಗೂ ಚುಚ್ಚಿದರು. ಭಾರತದಲ್ಲಿ ಕೊನೆಯ ಪ್ರಕರಣ ಕಂಡದ್ದು 1975ರ ಮೇನಲ್ಲಿ. ಬೇರ್ಪಡಿಸುವಿಕೆ ಸಮಯ ಗಳಿಸಿಕೊಟ್ಟಿತು, ಗೆದ್ದದ್ದು ಸೂಜಿ.

ಎಲ್ಲ ಜ್ವರಕ್ಕೂ ಚಿಲಕ ಸಲ್ಲದು

1809ರಿಂದ 1811ರವರೆಗೆ ಕೊಯಮತ್ತೂರು, ಮದುರೆ, ದಿಂಡಿಗಲ್, ತಿರುನೆಲ್ವೇಲಿ ಸೀಮೆಗಳಲ್ಲಿ ಒಂದು ಜ್ವರ ಎದ್ದು ಊರೂರು ಬರಿದು ಮಾಡಿತು. ಮದ್ರಾಸ್ ಸರ್ಕಾರ ವೈದ್ಯ ಐನ್ಸ್ಲಿ ನೇತೃತ್ವದಲ್ಲಿ ಸಮಿತಿ ಕಳಿಸಿತು. ಅದರ ವರದಿ 1816ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಬಿಟ್ಟುಬಿಟ್ಟು ಬರುವ ಆ ಜ್ವರದ ವಿವರ ಓದಿದರೆ ಇಂದಿನವರಿಗೆ ನೆನಪಾಗುವುದು ಮಲೇರಿಯಾ. ಅದಕ್ಕೆ ಸೊಳ್ಳೆ ಕಾರಣವೆಂದು ತಿಳಿಯಲು 1897 ಬರಬೇಕಾಯಿತು. ಇಂಥ ಜ್ವರಕ್ಕೆ ರೋಗಿಯನ್ನು ಕೋಣೆಯಲ್ಲಿ ಕೂಡಿಹಾಕಿ ಪ್ರಯೋಜನವಿಲ್ಲ. ಸೊಳ್ಳೆಗೆ ಚಿಲಕ ಗೊತ್ತಿಲ್ಲ.

ಪ್ಲೇಗಿನಲ್ಲಿ ಮನೆಯೇ ಶತ್ರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗ ಮತ್ತು ಅದರ ನಂತರದ ವರ್ಷಗಳಲ್ಲಿ ಮೈಸೂರು ಸೀಮೆಯ ಹಳ್ಳಿಗರು ಇಲಿ ಬಿದ್ದ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪ್ಲೇಗ್ ಬ್ಯಾಕ್ಟೀರಿಯಾದ ಕಾಯಿಲೆ, ಇಲಿಯ ಮೈಯ ಚಿಗಟ ಅದನ್ನು ಹೊತ್ತು ತರುತ್ತದೆ. ಆ ಚಿಗಟದ ಜೊತೆ ಮನೆಯೊಳಗೆ ಉಳಿದಿದ್ದರೆ ಸಾವೇ ಗತಿ. ಹಳ್ಳಿಗರ ಲೆಕ್ಕ ಸರಿಯಿತ್ತು.

ಡೆಂಗಿಯದು ಇನ್ನೊಂದು ಬಗೆ. ಕೆಮ್ಮಿನಿಂದ ಅದು ದಾಟುವುದಿಲ್ಲ. ಆದರೆ ಜ್ವರದ ಮೊದಲ ನಾಲ್ಕೈದು ದಿನ ರೋಗಿಯ ರಕ್ತದಲ್ಲಿ ವೈರಸ್ ತುಂಬಿರುತ್ತದೆ, ಆಗ ಕಚ್ಚಿದ ಈಡಿಸ್ ಸೊಳ್ಳೆ ಅದನ್ನು ಪಕ್ಕದ ಮನೆಗೆ ಒಯ್ಯುತ್ತದೆ. ಈಡಿಸ್ ಕಚ್ಚುವುದು ಹಗಲಿನಲ್ಲಿ. ಹಾಗಾಗಿ ಡೆಂಗಿ ರೋಗಿಗೆ ಬೇಕಾದದ್ದು ಹಗಲು ಹೊತ್ತಿನ ಸೊಳ್ಳೆ ಪರದೆ, ಮನೆಗೆ ಬೇಕಾದದ್ದು ಮುಚ್ಚಳ ಹಾಕಿದ ನೀರಿನ ಡ್ರಮ್ಮು.

ನಿಪಾ ಮತ್ತೂ ಬೇರೆ. 2018ರ ಮೇನಲ್ಲಿ ಅದು ಕೋಳಿಕ್ಕೋಡಿನಲ್ಲಿ ಕಾಣಿಸಿಕೊಂಡಿತು. ಅನಂತರವೂ ಕೇರಳದಲ್ಲಿ ಮತ್ತೆ ಮತ್ತೆ ತಲೆಯೆತ್ತಿದೆ. ನಿಪಾ ತಗುಲಿದವರು ಮನೆಯಲ್ಲಿರುವಂತೆಯೇ ಇಲ್ಲ, ಅವರ ಜಾಗ ಆಸ್ಪತ್ರೆ. ಮನೆಯಲ್ಲಿರಬೇಕಾದವರು ಅವರ ಒಡನಾಡಿಗಳು, 21 ದಿನ. ಮನೆಯಲ್ಲೇ ಇರಿ ಎಂಬ ಸಲಹೆ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ಈ ಕಾಯಿಲೆ ದಾಟುವ ದಾರಿ ಯಾವುದು?

ಎರಡು ಕೋಣೆಯ ಮನೆ

ಉಸಿರಿನ ವೈರಸ್ಸಿಗೆ ಮರಳೋಣ. ಚಿನ್ನಾಳಪಟ್ಟಿಯಂಥ ನೇಕಾರರ ಊರಿನಲ್ಲಿ ಒಂದು ಮನೆ ಊಹಿಸಿಕೊಳ್ಳಿ: ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಒಂದು ಕೋಣೆ, ಅಡುಗೆಮನೆ, ಹಿತ್ತಲಿನಲ್ಲಿ ಒಂದೇ ಬಚ್ಚಲು. ಅಜ್ಜಿ, ಗಂಡ ಹೆಂಡತಿ, ಇಬ್ಬರು ಮಕ್ಕಳು. ಗಂಡನಿಗೆ ಜ್ವರ.

ಮೊದಲ ಸಂಗತಿ, ಇಂಥ ಮನೆಯಲ್ಲೂ ಎಲ್ಲರಿಗೂ ತಗುಲಿಯೇ ತೀರುತ್ತದೆಂದು ಕೈಚೆಲ್ಲಬೇಕಿಲ್ಲ. ಕೋವಿಡ್ಡಿನ ಮೊದಲ ವರ್ಷ ಬೇರೆ ಬೇರೆ ದೇಶಗಳ 54 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಸೋಂಕಿತರ ಜೊತೆ ಒಂದೇ ಮನೆಯಲ್ಲಿದ್ದ ನೂರು ಮಂದಿಯಲ್ಲಿ ಸರಾಸರಿ 17 ಮಂದಿಗೆ ಮಾತ್ರ ದಾಟಿತ್ತು. ಗಂಡ ಹೆಂಡಿರ ನಡುವೆ ಇದು 38. ಒಮಿಕ್ರಾನ್‌ನಂಥ ತಳಿಗಳು ಬಂದ ಮೇಲೆ ಸಂಖ್ಯೆ ಏರಿತು. ಆದರೂ ದಾಟುವುದು ತಪ್ಪಿಸಲಾಗದ ವಿಧಿಯಲ್ಲ, ಹತ್ತಿರ ಮತ್ತು ಹೊತ್ತು ಅದನ್ನು ನಿರ್ಧರಿಸುತ್ತವೆ ಎಂಬುದು ಇದರಿಂದ ಖಚಿತ.

ಹಿಂದಿನ ಕೋಣೆ ಗಂಡನಿಗೆ. ಅದಕ್ಕೆ ಹೊರಗಿನ ಗೋಡೆಯಲ್ಲಿ ಕಿಟಕಿ ಇರಬೇಕು, ಅದು ತೆರೆದಿರಬೇಕು. ಕೋಣೆಯ ಗಾಳಿ ಗಂಟೆಗೆ ಒಂದು ಸಲ ಬದಲಾದರೆ ತೇಲುವ ಕಣಗಳಲ್ಲಿ ಶೇ. 99 ಹೊರಹೋಗಲು ನಾಲ್ಕೂವರೆ ಗಂಟೆಯ ಮೇಲೆ ಬೇಕು. ಗಂಟೆಗೆ ಆರು ಸಲ ಬದಲಾದರೆ 46 ನಿಮಿಷ, ಹನ್ನೆರಡು ಸಲವಾದರೆ 23 ನಿಮಿಷ ಸಾಕು. ಎದುರುಬದುರು ಕಿಟಕಿ ತೆರೆದರೆ ಈ ವೇಗ ದುಡ್ಡಿಲ್ಲದೆ ಸಿಗುತ್ತದೆ. ಒಂದೇ ಕಿಟಕಿಯಿದ್ದರೆ ಟೇಬಲ್ ಫ್ಯಾನನ್ನು ಕಿಟಕಿಯ ಕಡೆ ಮುಖ ಮಾಡಿ, ಗಾಳಿ ಹೊರಗೆ ತಳ್ಳುವಂತೆ ಇಡಬೇಕು. ಆಗ ಬಾಗಿಲ ಸಂದಿನಿಂದ ಮನೆಯ ಗಾಳಿ ಕೋಣೆಯೊಳಕ್ಕೆ ಬರುತ್ತದೆ, ಕೋಣೆಯ ಗಾಳಿ ಮನೆಯೊಳಕ್ಕೆ ಹೋಗುವುದಿಲ್ಲ. ಫ್ಯಾನಿನ ಮುಖ ಬಾಗಿಲ ಕಡೆಗಿದ್ದರೆ ಪರಿಣಾಮ ತಿರುಗುಮುರುಗು. ಒಂದೇ ಫ್ಯಾನು, ಇಟ್ಟ ದಿಕ್ಕಿನ ಮೇಲೆ ಅದು ಕಾಪಾಡುವುದೋ ಹರಡುವುದೋ ನಿರ್ಧಾರವಾಗುತ್ತದೆ.

ಬಚ್ಚಲು ಒಂದೇ ಆದರೆ ರೋಗಿ ಎಲ್ಲರಿಗಿಂತ ಕೊನೆಗೆ ಹೋಗಬೇಕು, ಬಂದ ಮೇಲೆ ಬಾಗಿಲು ತೆರೆದು ಗಾಳಿಯಾಡಲು ಬಿಡಬೇಕು. ತಟ್ಟೆ ಲೋಟಕ್ಕೆ ಸೋಪು ಸಾಕು: ಕೋವಿಡ್, ಫ್ಲೂ, ನಿಪಾ ಎಲ್ಲವೂ ಕೊಬ್ಬಿನ ಪೊರೆ ಹೊದ್ದ ವೈರಸ್ಸುಗಳು, ಸೋಪಿನ ನೊರೆ ಆ ಪೊರೆಯನ್ನು ಹರಿದುಹಾಕುತ್ತದೆ. ಊಟ ಕೊಡಲು ಒಬ್ಬರು ಗೊತ್ತಾಗಬೇಕು, ಅದು ಅಜ್ಜಿಯಂತೂ ಆಗಬಾರದು. ಕೊಡುವವರಿಗೂ ತೆಗೆದುಕೊಳ್ಳುವವರಿಗೂ ಮಾಸ್ಕು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದ್ದರೆ ದಿನಕ್ಕೆ ಮೂರ್ನಾಲ್ಕು ಸಲ ನೋಡಬೇಕು. ಉಸಿರಾಟ ಸಲೀಸೆನ್ನಿಸುತ್ತಿರುವಾಗಲೇ ರಕ್ತದ ಆಮ್ಲಜನಕ ಕುಸಿಯುವುದು ಕೋವಿಡ್ಡಿನ ಮೋಸ. ಅಂಕಿ 94ಕ್ಕಿಂತ ಕೆಳಗಿಳಿದರೆ, ಎದೆ ಬಿಗಿದರೆ, ಮಾತು ತೊದಲಿದರೆ, ಎಚ್ಚರ ತಪ್ಪುವಂತಾದರೆ 108ಕ್ಕೆ ಫೋನು. ಮನೆಯ ಐಸೊಲೇಷನ್ ಚಿಕಿತ್ಸೆಗೆ ಬದಲಿಯಲ್ಲ, ಅದಕ್ಕೆ ಆಸ್ಪತ್ರೆಯ ದಾರಿ ಸದಾ ತೆರೆದಿರಬೇಕು.

ಹಿಂದಿನ ಕೋಣೆಯೇ ಇಲ್ಲದಿದ್ದರೆ? 2011ರ ಜನಗಣತಿಯಂತೆ ಭಾರತದಲ್ಲಿ ನೂರು ಕುಟುಂಬಗಳಲ್ಲಿ 37 ಒಂದೇ ಕೋಣೆಯಲ್ಲಿ ಬದುಕುತ್ತಿದ್ದವು. ಕೊಡಗಿನ ಕಾಫಿ ತೋಟಗಳ ಲೈನ್ ಮನೆಗಳನ್ನು ಬಲ್ಲವರಿಗೆ ಏಲಕ್ಕಿ ತೋಟಗಳ ಸಾಲುಮನೆಯನ್ನು ವಿವರಿಸಬೇಕಿಲ್ಲ. 2021ರ ಮೇನಲ್ಲಿ ತೆಲಂಗಾಣದ ನಲ್ಗೊಂಡ ಜಿಲ್ಲೆಯ ಹಳ್ಳಿಯೊಂದರಲ್ಲಿ 18 ವರ್ಷದ ವಿದ್ಯಾರ್ಥಿಯೊಬ್ಬ ಮನೆಯಲ್ಲಿ ಬೇರೆ ಜಾಗವಿಲ್ಲದೆ ಅಂಗಳದ ಮರದ ಮೇಲೆ ಬಿದಿರಿನ ಅಟ್ಟ ಕಟ್ಟಿಕೊಂಡು 11 ದಿನ ಅಲ್ಲೇ ಉಳಿದ. ಊಟ ಹಗ್ಗದಲ್ಲಿ ಮೇಲೆ ಹೋಗುತ್ತಿತ್ತು. ಗಾಳಿಯ ಲೆಕ್ಕದಲ್ಲಿ ಅವನ ಐಸೊಲೇಷನ್‌ಗೆ ಪೂರ್ಣಾಂಕ. ಆದರೆ ಶಾಲೆಯ ಕಟ್ಟಡವೋ ಸಮುದಾಯ ಭವನವೋ ಕೊಡಬೇಕಾದ ಜಾಗವನ್ನು ಒಂದು ಮರ ಕೊಡಬೇಕಾಗಿ ಬಂತು ಎಂಬುದೂ ಅಷ್ಟೇ ನಿಜ.

ಹತ್ತು ದಿನವೇ ಏಕೆ

ಭಾರತದಲ್ಲಿ ಸೌಮ್ಯ ಲಕ್ಷಣದವರು ಮನೆಯಲ್ಲೇ ಇರಬಹುದೆಂದು ಕೇಂದ್ರ ಆರೋಗ್ಯ ಸಚಿವಾಲಯ ಮೊದಲು ಹೇಳಿದ್ದು 2020ರ ಏಪ್ರಿಲ್ 27ರಂದು. ಮೇ ತಿಂಗಳಲ್ಲಿ ಅವಧಿ 17 ದಿನ ಎಂದಾಯಿತು, ಜುಲೈನಲ್ಲಿ 10 ದಿನ, 2022ರ ಜನವರಿಯಲ್ಲಿ 7 ದಿನ. ಸರ್ಕಾರ ಮನಸ್ಸಿಗೆ ಬಂದಂತೆ ಬದಲಾಯಿಸುತ್ತಿದೆ ಎಂದು ಜನ ಗೊಣಗಿದರು. ಬದಲಾದದ್ದು ತಿಳಿವಳಿಕೆ.

ಆರ್‌ಟಿ–ಪಿಸಿಆರ್ ಪರೀಕ್ಷೆ ಹುಡುಕುವುದು ವೈರಸ್ಸಿನ ಜೀನ್ ತುಣುಕು. ಸತ್ತ ವೈರಸ್ಸಿನ ಚೂರು ಸಿಕ್ಕರೂ ಪಾಸಿಟಿವ್ ಎನ್ನುತ್ತದೆ, ವಾರಗಟ್ಟಲೆ ಹಾಗೆ ಅನ್ನಬಹುದು. ಜೀವಂತ ವೈರಸ್ ಇದೆಯೇ ಎಂದು ತಿಳಿಯಲು ಮಾದರಿಯನ್ನು ಪ್ರಯೋಗಾಲಯದ ಜೀವಕೋಶಗಳ ಮೇಲೆ ಹಾಕಿ ಬೆಳೆಯುತ್ತದೆಯೇ ನೋಡಬೇಕು. 2020ರಲ್ಲಿ ಮ್ಯೂನಿಕ್‌ನಲ್ಲಿ ಸೌಮ್ಯ ಕಾಯಿಲೆಯ ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ ಲಕ್ಷಣ ಕಂಡ ಎಂಟನೆಯ ದಿನದ ನಂತರ ತೆಗೆದ ಮಾದರಿಗಳಿಂದ ವೈರಸ್ ಬೆಳೆಯಲಿಲ್ಲ, ಪಿಸಿಆರ್ ಇನ್ನೂ ಪಾಸಿಟಿವ್ ಇದ್ದರೂ. ಎಂಟಕ್ಕೆ ಸ್ವಲ್ಪ ಅಂಚು ಸೇರಿಸಿದರೆ ಹತ್ತು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ತೀವ್ರ ಕಾಯಿಲೆಯಾದವರಲ್ಲಿ ವೈರಸ್ ಹೆಚ್ಚು ದಿನ ಉಳಿಯುವುದರಿಂದ ಅವರ ಲೆಕ್ಕ ವೈದ್ಯರ ಕೈಲಿ.

ದಿನ ಕಡಿಮೆಯಾದಷ್ಟೂ ಒಳ್ಳೆಯದಕ್ಕೆ ಇನ್ನೊಂದು ಕಾರಣವಿದೆ. 2003ರ ಸಾರ್ಸ್ ವೇಳೆ ಟೊರಾಂಟೊದಲ್ಲಿ ಕ್ವಾರಂಟೈನ್‌ನಲ್ಲಿದ್ದ 129 ಮಂದಿಯನ್ನು ವಿಚಾರಿಸಿದಾಗ ಸುಮಾರು ಶೇ. 29 ಮಂದಿಯಲ್ಲಿ ಆಘಾತದ ನಂತರದ ಮಾನಸಿಕ ಒತ್ತಡದ ಲಕ್ಷಣಗಳು ಕಂಡವು. ಹೆಚ್ಚು ದಿನ ಇದ್ದವರಲ್ಲಿ ಹೆಚ್ಚು. ಬೇಕಾದದ್ದಕ್ಕಿಂತ ಒಂದು ದಿನ ಉದ್ದವಾದರೂ ಅದು ಸುಮ್ಮನೆ ಕೊಟ್ಟ ಶಿಕ್ಷೆ.

ಹೊರಗಿನವರ ಪಾಲು

2020ರ ಮಾರ್ಚ್‌ನಲ್ಲಿ ಕರ್ನಾಟಕ ಹೊರದೇಶದಿಂದ ಇಳಿದವರ ಕೈಮೇಲೆ ಅಳಿಸದ ಶಾಯಿಯ ಮುದ್ರೆ ಒತ್ತಿತು. ಕ್ವಾರಂಟೈನ್‌ನಲ್ಲಿದ್ದವರ ವಿಳಾಸದ ಪಟ್ಟಿ ಪ್ರಕಟಿಸಿತು. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ ಕಳಿಸುವಂತೆ ಆ್ಯಪ್ ಕೊಟ್ಟಿತು. ತಮಿಳುನಾಡು ಬಾಗಿಲಿಗೆ ಸ್ಟಿಕ್ಕರ್ ಅಂಟಿಸಿತು. ಬೇವಿನ ಸೊಪ್ಪೂ ಗುರುತು, ಸ್ಟಿಕ್ಕರ್ ಕೂಡ ಗುರುತು. ಆದರೆ ಸ್ಟಿಕ್ಕರ್ ಅಂಟಿಸಿದವರು ಹೊರಗಿನವರು. ಅದನ್ನು ಕಂಡ ಬೀದಿ ಹಾಲು ಹಾಕುವವನನ್ನೂ ತಡೆಯಿತು, ಮನೆ ಖಾಲಿ ಮಾಡಿ ಎಂದಿತು. ಇದರ ಪರಿಣಾಮ ಊಹಿಸಲು ವಿಜ್ಞಾನ ಬೇಕಿಲ್ಲ: ಜ್ವರ ಬಂದವರು ಮಾತ್ರೆ ನುಂಗಿ ಮುಚ್ಚಿಟ್ಟರು, ಪರೀಕ್ಷೆಗೆ ಹೋಗಲಿಲ್ಲ. ವಿಶೇಷ ಆದೇಶವಿಲ್ಲದೆ ಕೋವಿಡ್ ರೋಗಿಗಳ ಮನೆಗೆ ಪೋಸ್ಟರ್ ಅಂಟಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್ 9ರಂದು ಹೇಳಿತು. ಅಂಟಿಸಿದ ಮನೆಯವರನ್ನು ಅಸ್ಪೃಶ್ಯರಂತೆ ಕಾಣಲಾಗುತ್ತಿದೆ ಎಂಬ ಆತಂಕ ವಿಚಾರಣೆಯಲ್ಲೇ ಬಂದಿತ್ತು. ಮುಟ್ಟಬಾರದು ಎಂಬ ಮಾತಿಗೆ ನಮ್ಮ ಊರುಗಳಲ್ಲಿ ಎಂಥ ಹಳೆಯ ಗಾಯವಿದೆಯೆಂಬುದು ಯಾರಿಗೂ ಗೊತ್ತಿಲ್ಲದ್ದಲ್ಲ.

ಇನ್ನು ಕೂಲಿ. 2020ರ ಫೆಬ್ರುವರಿಯಲ್ಲಿ ಇಸ್ರೇಲಿನಲ್ಲಿ ಒಂದು ಸಮೀಕ್ಷೆ ನಡೆಯಿತು. ಕಳೆದುಕೊಂಡ ಸಂಬಳ ತುಂಬಿಕೊಟ್ಟರೆ ಮನೆಯಲ್ಲಿ ಇರುತ್ತೀರಾ ಎಂದು ಕೇಳಿದಾಗ ಶೇ. 94 ಮಂದಿ ಹೌದೆಂದರು. ತುಂಬಿಕೊಡದಿದ್ದರೆ ಎಂದಾಗ ಹೌದೆಂದವರು ಶೇ. 57ಕ್ಕಿಂತ ಕಡಿಮೆ. ಸಂಬಳದ ದೇಶದ ಉತ್ತರವೇ ಇದಾದರೆ ದಿನಗೂಲಿಯ ಕಣಿವೆಯ ಉತ್ತರ ಏನಿರಬಹುದು? ಹತ್ತು ದಿನ ಮನೆಯಲ್ಲಿ ಕೂರುವುದೆಂದರೆ ಏಲಕ್ಕಿ ಬಿಡಿಸುವ ಹೆಂಗಸಿಗೆ ಹತ್ತು ದಿನದ ಕೂಲಿ ಹೋಯಿತು ಎಂದರ್ಥ. ಅವಳ ಮನೆಯಲ್ಲಿ ಇನ್ನೂ ಮೂವರು ದುಡಿಯುವವರಿದ್ದರೆ ಒಡನಾಡಿಗಳೆಂದು ಅವರದೂ ಹೋಯಿತು. ಹಿಂದೆ ಹೇಳಿದ 1.1ನ್ನು 0.73ಕ್ಕೆ ಇಳಿಸುವ ಖರ್ಚನ್ನು ಭರಿಸುವವರು ಇಂಥವರು, ಲಾಭ ಮಾತ್ರ ಇಡೀ ಜಿಲ್ಲೆಯದು.

ಈ ಖರ್ಚು ಹಂಚಿಕೊಳ್ಳಲು ಪ್ರಯತ್ನಗಳೂ ನಡೆದವು. 2020ರ ಏಪ್ರಿಲ್‌ನಲ್ಲಿ ತಮಿಳುನಾಡು ಅಕ್ಕಿ ಕಾರ್ಡಿನವರಿಗೆ 1,000 ರೂಪಾಯಿ ಮತ್ತು ಉಚಿತ ಪಡಿತರ ಕೊಟ್ಟಿತು, 2021ರಲ್ಲಿ ಎರಡು ಕಂತಿನಲ್ಲಿ 4,000 ರೂಪಾಯಿ. ಚೆನ್ನೈ ನಗರಪಾಲಿಕೆ ‘ಫೋಕಸ್’ ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ನೇಮಿಸಿತು. ಕ್ವಾರಂಟೈನ್ ಮನೆಗಳಿಗೆ ಅಕ್ಕಿ, ತರಕಾರಿ, ಔಷಧಿ ತಂದುಕೊಡುವುದು ಅವರ ಕೆಲಸ. ಘಟ್ಟದ ಆಚೆ ಕೇರಳದಲ್ಲಿ ಕುಟುಂಬಶ್ರೀ ಮಹಿಳೆಯರು ಸಮುದಾಯ ಅಡುಗೆಮನೆ ನಡೆಸಿ ಬಾಗಿಲಿಗೆ ಊಟ ಮುಟ್ಟಿಸಿದರು. ಇವೆಲ್ಲ ದಾನಧರ್ಮದ ಲೆಕ್ಕಕ್ಕೆ ಸೇರತಕ್ಕವಲ್ಲ. ಲಸಿಕೆ, ಆಮ್ಲಜನಕಗಳ ಹಾಗೆ ಇವೂ ಸಾಂಕ್ರಾಮಿಕ ತಡೆಯುವ ಸಲಕರಣೆಗಳು. ಅನ್ನ ಬಾಗಿಲಿಗೆ ಬಂದರೆ ಚಿಲಕ ಹತ್ತು ದಿನ ಹಾಕಿರುತ್ತದೆ. ಬರದಿದ್ದರೆ ಮೂರನೆಯ ದಿನ ತೆರೆಯುತ್ತದೆ, ಹೊರಗೆ ಎಂಥ ಬೀಗ ಹಾಕಿದ್ದರೂ.

ಮಾರ್ಗಸೂಚಿಗಳು ಹೆಚ್ಚು ಹೇಳದೆ ಬಿಡುವ ಒಂದು ದಿನವಿದೆ, ಅದು ಹನ್ನೊಂದನೆಯ ದಿನ. ಅವಧಿ ಮುಗಿಸಿ ಹೊರಬಂದವರನ್ನು ಮೇಸ್ತ್ರಿ ಕೆಲಸಕ್ಕೆ ಕರೆಯುತ್ತಾನೋ ಇಲ್ಲವೋ, ಅಂಗಡಿಯವನು ಚಿಲ್ಲರೆಯನ್ನು ಕೈಗೆ ಕೊಡುತ್ತಾನೋ ಕಟ್ಟೆಯ ಮೇಲೆ ಇಡುತ್ತಾನೋ ಎಂಬುದನ್ನು ಊರು ಗಮನಿಸುತ್ತಿರುತ್ತದೆ. ನಿಯಮ ಪಾಲಿಸಿದವರೇ ಕೆಲಸ ಕಳೆದುಕೊಂಡರೆ ಆ ಪಾಠ ಯಾವ ಪ್ರಚಾರ ಫಲಕಕ್ಕಿಂತ ಬೇಗ ಹರಡುತ್ತದೆ. ಮುಂದಿನ ವೈರಸ್ ಯಾವುದೋ, ಎಂದು ಬರುತ್ತದೋ, ಯಾರೂ ಹೇಳಲಾರರು. ಆದರೆ ಅದರ ಲೆಕ್ಕವೂ ಮೇಲಿನ ಗುಣಾಕಾರದಂತೆಯೇ ನಡೆಯುತ್ತದೆ. ಜ್ವರ ಬಂದ ದಿನವೇ ಹೇಳಿಕೊಳ್ಳುವವರ ಊರಿನಲ್ಲಿ ಆ ಸಂಖ್ಯೆ ಒಂದಕ್ಕಿಂತ ಕೆಳಗಿಳಿಯುತ್ತದೆ. ಮೂರು ದಿನ ಮುಚ್ಚಿಟ್ಟು ಆಮೇಲೆ ಹೇಳುವವರ ಊರಿನಲ್ಲಿ ಇಳಿಯುವುದಿಲ್ಲ.